ಇಸಬಿಗೆ ಕೊಬ್ಬರಿ ಎಣ್ಣೆ

ತಾಂಡೂರಿನಿಂದ ಬಶೀರಾಬಾದ್‌ಗೆ ಹೋಗುವ ಬಸ್ಸಿಗೆ ನಾನು ಕಂಡಕ್ಟರ್. ಒಂದು ದಿನ ಮುಂದಿನ ಸೀಟಿನಲ್ಲಿ ಒಬ್ಬ ತಾಯಿ, ಮೊಣಕೈ ಕೆರೆದುಕೊಂಡು ಅಳುತ್ತಿದ್ದ ಮಗಳನ್ನು ಗದರಿಸುತ್ತಿದ್ದಳು. ನೋಡಿದ ಕೂಡಲೇ ಗೊತ್ತಾಯಿತು, ಇಸಬು. ನನ್ನ ಮಗಳಿಗೂ ಅದೇ ಇದೆ.

“ಬೈಬ್ಯಾಡ್ರಿ, ತುರಿಕಿ ತಡಿಯಂಗಿಲ್ಲ ಪಾಪ” ಅಂದೆ. “ಉಗುರುಬೆಚ್ಚಗಿನ ನೀರಾಗ ಮೈ ತೊಳದು, ಹಸಿ ಇದ್ದಾಗೇ ಕೊಬ್ಬರಿ ಎಣ್ಣಿ ಹಚ್ರಿ. ತಿಕ್ಕಬ್ಯಾಡ್ರಿ.”

ಆಕೆ ಸಂತೆಚೀಲದಿಂದ ಎಣ್ಣೆ ಬಾಟಲಿ ತೆಗೆದು, “ನೀವೇ ಹಚ್ಚಿ ತೋರಸ್ರಿ ಅಕ್ಕಾ” ಅಂದಳು. ಕುಡಿಯುವ ನೀರಿನಿಂದ ಮೊಣಕೈ ಒದ್ದೆ ಮಾಡಿ, ಮೆಲ್ಲಗೆ ಹಚ್ಚಿದೆ. ಹುಡುಗಿ ಅಳು ನಿಲ್ಲಿಸಿ ನನ್ನ ತೋಳಿಗೆ ಒರಗಿದಳು. ಹಿಂದಿನಿಂದ ಯಾರೋ ಟಿಕೆಟ್ ಕೇಳುತ್ತಿದ್ದರು; ನನಗೆ ಏಳಲು ಮನಸ್ಸಾಗಲಿಲ್ಲ.

“ನಿಮ್ಮ ಮಗಳ ನಸೀಬ ಛಲೋ ಅದರಿ” ಅಂದಳು ತಾಯಿ.

ನನ್ನ ಮಗಳು ಇರುವುದು ಜಹೀರಾಬಾದಿನಲ್ಲಿ, ನನ್ನ ಅವ್ವನ ಹತ್ತಿರ. ಇಸಬು ಕಾಣಿಸಿಕೊಂಡದ್ದೇ ನಾನು ಈ ಕೆಲಸಕ್ಕೆ ಬಂದ ಮೇಲೆ. ಈ ಮದ್ದೆಲ್ಲ ಅವ್ವ ಫೋನಿನಲ್ಲಿ ಹೇಳಿದ್ದು. ನನ್ನ ಕೈಯಿಂದ ಹಚ್ಚಿದ್ದು ಅದೇ ಮೊದಲು.

ಮುಂದಿನ ರಜೆಗೆ ಹೋದವಳೇ ಆಸೆಯಿಂದ ಮಗಳನ್ನು ಕರೆದೆ. “ನಿನಗ ಬರಂಗಿಲ್ಲ, ಅಜ್ಜಿನೇ ಹಚ್ಚಲಿ” ಅಂದಳು. ಎಣ್ಣೆ ಬಟ್ಟಲು ಹಿಡಿದುಕೊಂಡು ಅವ್ವನ ಪಕ್ಕದಲ್ಲಿ ಕೂತೆ. ಅಷ್ಟಾದರೂ ಡ್ಯೂಟಿ ಸಿಕ್ಕಿತಲ್ಲ.