ನಡುಮನೆಯಲ್ಲಿ ಹಾದು ಹೋದ ಓಟದ ದಾರಿ

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುತ್ತಾರೆ. ಗಡಿಯಾರದಣ್ಣನ ಪಾಲಿಗೆ ಈ ಗಾದೆ ತಲೆಕೆಳಗಾಯಿತು. ಬೆಟ್ಟದ ಮೇಲಿನ ಅವನ ಊರಿಗೆ ಓಡಲು ಬಂದ ಪೋರರಿಗೆಲ್ಲ ಇದ್ದದ್ದು ಒಂದೇ ದಾರಿ, ಅದು ಅವನ ನಡುಮನೆಯೊಳಗೇ ಹಾದು ಹೋಗುತ್ತಿತ್ತು.

ಊರು ಎಷ್ಟು ಎತ್ತರದಲ್ಲಿತ್ತೆಂದರೆ ಅಲ್ಲಿ ನಿಜವಾಗಿಯೂ ಯಾರ ಬೇಳೆಯೂ ಬೇಯುತ್ತಿರಲಿಲ್ಲ. ನೀರು ಬೇಗ ಕುದಿಯುತ್ತಿತ್ತು, ಬೇಳೆ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ತಳದಲ್ಲಿ ಕೂತಿರುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅಂಥ ಕಡೆ ಗಡಿಯಾರ ರಿಪೇರಿ ಒಳ್ಳೆಯ ಕಸುಬು. ಓಡಾಟವಿಲ್ಲ, ಕೂತಲ್ಲೇ ಕೆಲಸ. ಗಡಿಯಾರದಣ್ಣ ಮುಂದಿನ ಕೋಣೆಯ ಕಿಟಕಿಗೆ ಮೇಜು ಹಾಕಿಕೊಂಡು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಚಿಮುಟದಲ್ಲಿ ಎತ್ತಿ ಕೂರಿಸುತ್ತಿದ್ದ. ತಿರುಪು ತನ್ನ ಜಾಗಕ್ಕೆ ಕೂರುವ ತನಕ ಉಸಿರು ಬಿಗಿಹಿಡಿಯುತ್ತಿದ್ದ. ಉಸಿರು ಬಿಟ್ಟರೆ ತಿರುಪು ಹಾರಿಹೋಗುತ್ತದೆ, ಆಮೇಲೆ ಮೊಣಕಾಲೂರಿ ನೆಲವೆಲ್ಲ ಹುಡುಕಬೇಕು. ಅವನಿಗೆ ಮದುವೆಯಾಗಿರಲಿಲ್ಲ. ಹೆಣ್ಣು ನೋಡಲು ಹೋದಾಗ ಹೆಣ್ಣಿನ ಮುಖ ಬಿಟ್ಟು ಅವಳಪ್ಪನ ಕೈಗಡಿಯಾರ ನೋಡುತ್ತ ಕೂತವನಿಗೆ ಯಾರು ತಾನೇ ಹೆಣ್ಣು ಕೊಟ್ಟಾರು.

ಮುಂದಿನ ಕೋಣೆ ದಾಟಿದರೆ ನಡುಮನೆ. ಅಲ್ಲಿ ಚಳಿಗೆ ಉರಿಸುವ ಕಬ್ಬಿಣದ ಒಲೆ, ಒಲೆಯ ಪಕ್ಕ ಮಂಚ, ಮಂಚದ ಮೇಲೆ ಅವನ ಅಕ್ಕ. ಅದರಾಚೆ ಅಡುಗೆಮನೆ, ಅಡುಗೆಮನೆಗೆ ಹಿತ್ತಿಲ ಬಾಗಿಲು. ಆ ಬಾಗಿಲ ಸ್ಪ್ರಿಂಗು ಬಿಗಿ, ಯಾರು ದಾಟಿದರೂ ಹಿಂದೆಯೇ ದಢಾರನೆ ಮುಚ್ಚಿಕೊಳ್ಳುತ್ತಿತ್ತು. ಹೊರಗೆ ಸೌದೆ ರಾಶಿ, ಕಕ್ಕಸು, ಅಲ್ಲಿಂದ ಮೇಲಕ್ಕೆ ಬರೀ ಬೆಟ್ಟ.

ಅಕ್ಕ ಬಸ್ ಕಂಡಕ್ಟರಾಗಿದ್ದವಳು. ಕೆಳಗಿನ ಪಟ್ಟಣಕ್ಕೂ ಈ ಊರಿಗೂ ಓಡುವ ಒಂದೇ ಬಸ್ಸಿನಲ್ಲಿ ನಿಂತುಕೊಂಡೇ ಆಯುಷ್ಯ ಸವೆಸಿದವಳು. ಅವಳ "ಮುಂದೆ ಹೋಗಿ, ಮುಂದೆ ಹೋಗಿ"ಗೆ ಹೆದರಿ ಜನ ಬಸ್ಸಿಳಿದ ಮೇಲೂ ಒಂದಿಷ್ಟು ದೂರ ಮುಂದೆ ಹೋಗಿಯೇ ನಿಲ್ಲುತ್ತಿದ್ದರಂತೆ. ಹತ್ತಿದವರೆಲ್ಲ ಇಳಿದರೇ ಎಂದು ಸೀಟಿನ ಕೆಳಗೂ ಬಗ್ಗಿ ನೋಡದೆ ಅವಳು ಬಸ್ಸನ್ನು ಶೆಡ್ಡಿಗೆ ಬಿಟ್ಟದ್ದೇ ಇಲ್ಲ. ನಿವೃತ್ತಿಯಾದ ಮೊದಲ ಚಳಿಗಾಲದಲ್ಲೇ ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿದರು. ಮೂಳೆ ಕೂಡಿತು, ಅಕ್ಕ ಮಾತ್ರ ಏಳಲಿಲ್ಲ.

ಕಾಲು ನೀವಲು ಬರುವ ನರ್ಸಮ್ಮ ಗೋಗರೆದಳು. "ಎದ್ದು ನಾಲ್ಕು ಹೆಜ್ಜೆ ಹಾಕಿ ಅಕ್ಕಾ. ಮುಂದಿನ ಚಳಿ ಬರೋದ್ರೊಳಗೆ ಕಾಲು ಊರದಿದ್ರೆ ಆಮೇಲೆ ಮಂಚವೇ ಗತಿ."

"ಎದ್ದು ಎಲ್ಲಿಗೆ ಹೋಗ್ಲಿ?" ಎಂದು ಅಕ್ಕ ಗೋಡೆಯ ಕಡೆ ತಿರುಗಿದಳು.

ತಮ್ಮನೇ ಎಲ್ಲಿಗೂ ಹೋಗುವವನಲ್ಲ. ಅಕ್ಕ ಹೀಗೆ ಗೋಡೆ ನೋಡುತ್ತಲೇ ಮುಗಿದುಹೋಗುತ್ತಾಳೋ ಏನೋ ಎಂಬ ಭಯ ಮಾತ್ರ ಅವನನ್ನು ಸದಾ ಕೊರೆಯುತ್ತಿತ್ತು.

ಹಿಮ ಕರಗಿದ ಮೇಲೆ ಓಟದ ಕಚೇರಿಯಿಂದ ಒಬ್ಬ ಗಡ್ಡದವನು ಬಂದ. ಬೇಸಿಗೆಯಿಡೀ ನಡೆಯುವ ಬೆಟ್ಟದ ಓಟಕ್ಕೆ ದಾರಿ ಗುರುತು ಮಾಡುವುದು ಅವನ ಕೆಲಸ. ಅವನು ಎಲ್ಲೆಲ್ಲಿ ನಡೆದನೋ ಅಲ್ಲೆಲ್ಲ ಅವನ ಕೈಯ ವಾಚು ತಾನಾಗಿಯೇ ಗೆರೆ ಎಳೆದುಕೊಳ್ಳುತ್ತಿತ್ತು. ಚಳಿಗೆ ಹಲ್ಲು ಕಟಕಟಿಸುತ್ತಿದ್ದವನನ್ನು ಗಡಿಯಾರದಣ್ಣ ಪಾಪವೆಂದು ಒಳಗೆ ಕರೆದು ಟೀ ಕೊಟ್ಟ. ಗಡ್ಡದವನು ಟೀ ಕುಡಿದು, ಕಕ್ಕಸು ಎಲ್ಲಿದೆಯೆಂದು ಕೇಳಿ, ನಡುಮನೆ, ಅಡುಗೆಮನೆ ದಾಟಿ ಹಿತ್ತಿಲಿಗೆ ಹೋದವನು ಹಾಗೆಯೇ ಬೆಟ್ಟ ಹತ್ತಿದ. ವಾಚು ಎಲ್ಲವನ್ನೂ ನಿಷ್ಠೆಯಿಂದ ಗೀಚಿಕೊಂಡಿತು. ಆ ಗೆರೆಯೇ ನಕ್ಷೆಯಾಯಿತು, ನಕ್ಷೆ ಓಟಗಾರರ ವಾಚುಗಳಿಗೆಲ್ಲ ಇಳಿಯಿತು. ಬೀದೀಲಿ ಹೋಗೋ ಮಾರೀನ ಮನೆಗೆ ಕರೆಯುವುದು ಎಂದರೆ ಇದೇ.

ಬೇಸಿಗೆಯ ಒಂದು ಬೆಳಿಗ್ಗೆ ಅವನು ಉಸಿರು ಕಟ್ಟಿ ತಿರುಪು ಕೂರಿಸುತ್ತಿದ್ದಾಗ ಹಳದಿ ಅಂಗಿಯವನೊಬ್ಬ ಮುಂಬಾಗಿಲಿನಿಂದ ದಡಬಡ ನುಗ್ಗಿದ. ತಿರುಪು ಎಲ್ಲಿಗೋ ಹಾರಿತು.

"ಸಾರಿ ಅಂಕಲ್, ದಾರಿ ಇಲ್ಲೇ ತೋರಿಸ್ತಿದೆ," ಎಂದ ಅವನು, ನಿಂತಲ್ಲೇ ಕುಣಿಯುತ್ತ.

"ಇದು ಮನೆ ಕಣಪ್ಪಾ."

"ಇರಬಹುದು ಅಂಕಲ್. ಆದ್ರೆ ಗೆರೆ ಬಿಟ್ಟು ಆಚೀಚೆ ಹೋದ್ರೆ ವಾಚು ಕಿರಿಚ್ಕೊಳ್ಳುತ್ತೆ. ಸ್ಪರ್ಧೆಯಿಂದಾನೇ ತೆಗೆದು ಹಾಕ್ತಾರೆ."

ಮರುದಿನ ಗಡಿಯಾರದಣ್ಣ ಬಾಗಿಲಿಗೆ ಚಿಲಕ ಹಾಕಿದ. ಓಟಗಾರರು ಸಭ್ಯರು, ಬಾಗಿಲು ಬಡಿಯಲಿಲ್ಲ. ಕಿಟಕಿಯ ಸರಳು ಹಿಡಿದು ಸೂರಿಗೇರಿ, ಗೆರೆ ತಪ್ಪದಂತೆ ಮಾಡಿನ ಮೇಲೆಯೇ ಓಡಿ ಹಿತ್ತಿಲಿಗೆ ಧುಮುಕಿದರು. ಬಿಚ್ಚಿಟ್ಟ ಗಡಿಯಾರದೊಳಕ್ಕೆ ಮಾಡಿನ ಧೂಳೆಲ್ಲ ಉದುರಿತು. ತಲೆಯ ಮೇಲೆ ಓಡುವುದಕ್ಕಿಂತ ನಡುಮನೆಯಲ್ಲಿ ಓಡುವುದೇ ವಾಸಿ ಎಂದು ಅವನು ಚಿಲಕ ತೆಗೆದು, ಕಾಲೊರೆಸಲು ಒಂದು ಗೋಣಿ ತಾಟು ಹಾಸಿದ.

ಮಂಚದಿಂದ ಅಕ್ಕ ಗೋಡೆಗೆ ಬೆನ್ನು ತಿರುಗಿಸಿ ನೋಡಿದಳು. ಮೊದಲ ದಿನ ಹಾದು ಹೋದವರ ತಲೆ ಎಣಿಸಿದಳು. ಎರಡನೆಯ ದಿನ, "ಬಾಗಿಲ ಹತ್ರ ಗುಂಪು ಕಟ್ಟಬೇಡಿ, ಒಳಗೆ ಬೇಕಾದಷ್ಟು ಜಾಗ ಇದೆ," ಎಂದಳು. ಮೂರನೆಯ ದಿನ ದಿಂಬಿನ ಕೆಳಗಿಂದ ಹಳೆಯ ಸೀಟಿ ಬಂತು.

"ದಪ್ಪಗಿರೋರು ಸ್ವಲ್ಪ ಓರೆಯಾಗಿ. ಬ್ಯಾಗು ಮುಂದಕ್ಕೆ ಹಾಕ್ಕೊಳ್ಳಮ್ಮಾ, ಒಲೆಗೆ ತಗಲುತ್ತೆ. ಹೋಲ್ಡಾನ್, ಅಜ್ಜನಿಗೆ ದಾರಿ ಬಿಡಿ. ಹಾಂ, ರೈಟ್ ರೈಟ್."

ಬೇರೆ ಊರುಗಳ ಓಟದಲ್ಲಿ ಗೆದ್ದು ಬಂದ ಗಟ್ಟಿಗರೂ ಆ ಸೀಟಿಗೆ ತಲೆತಗ್ಗಿಸಿ ಒಬ್ಬರ ಹಿಂದೊಬ್ಬರು ಹೋಗುತ್ತಿದ್ದರು. ಹಿತ್ತಿಲ ಬಾಗಿಲು ದಢಾರ್ ಎಂದ ಸದ್ದಿಗೆಲ್ಲ ಅಕ್ಕ ಒಂದೊಂದು ಬೆರಳು ಮಡಚುತ್ತಿದ್ದಳು. ಮಲಗಿದ್ದವಳು ದಿಂಬಿಗೊರಗಿದಳು, ಒರಗಿದ್ದವಳು ಕೂತಳು, ಕೂತವಳು ಕಾಲು ಕೆಳಗೆ ಬಿಟ್ಟಳು. ನರ್ಸಮ್ಮನ ಎಣ್ಣೆ ಕೆಲಸ ಮಾಡುತ್ತಿದೆ ಎಂದುಕೊಂಡ ಗಡಿಯಾರದಣ್ಣ. ಅವನಿಗೆ ಬೇರೆ ಯೋಚಿಸಲು ಪುರಸೊತ್ತಿರಲಿಲ್ಲ, ಕೋಪ ಮಾಡಿಕೊಳ್ಳುವುದರಲ್ಲೇ ದಿನ ಮುಗಿಯುತ್ತಿತ್ತು.

ಕೊನೆಗೆ ಅವನು ಓಟದ ಕಚೇರಿಗೆ ಹೋದ. ಅಲ್ಲಿಯ ಸಾಹೇಬರು ಗೋಡೆಯ ನಕ್ಷೆಯ ಮುಂದೆ ನಿಂತು ಬಹಳ ಹೊತ್ತು ಹುಡುಕಿದರು.

"ನೋಡಿ, ಇದರಲ್ಲಿ ದಾರಿ ಇದೆ. ನಿಮ್ಮ ಮನೆಯೇ ಇಲ್ವಲ್ಲ."

"ನಾನು ಅಲ್ಲೇ ಹುಟ್ಟಿದ್ದು ಸಾರ್."

"ನೀವು ಹುಟ್ಟಿಲ್ಲ ಅಂತ ನಾನಂದ್ನಾ? ಮನೇನ ಒಂಚೂರು ಆಕಡೆ ಸರಿಸೋಕಾಗುತ್ತಾ ನೋಡಿ."

ಮನೆ ಇದೆಯೋ ಇಲ್ಲವೋ ಎಂದು ಖಾತ್ರಿ ಮಾಡಲು ಸಾಹೇಬರೇ ಒಂದು ದಿನ ಬೂಟು ಕಟ್ಟಿಕೊಂಡು ಬಂದರು. ಮುಂಬಾಗಿಲಿನಿಂದ ಓಡಿ ಬಂದು, ಅಕ್ಕನಿಂದ "ಹೊಟ್ಟೆ ಒಳಗೆ ಎಳ್ಕೊಳ್ಳಿ" ಎನ್ನಿಸಿಕೊಂಡು, ಹಿತ್ತಿಲಲ್ಲಿ ನಿಂತು, "ಹೌದು, ಮನೆ ಇದೆ," ಎಂದು ಒಪ್ಪಿದರು. ಗೆರೆ ಬೇಲಿಯಾಚೆಗೆ ಸರಿಯಿತು.

"ಇನ್ನು ನೀನು ನೆಮ್ಮದಿಯಾಗಿ ಮಲಗಬಹುದಕ್ಕಾ," ಎಂದ ತಮ್ಮ.

"ನಿನ್ನಿಷ್ಟ ಕಣೋ," ಎಂದಳು ಅಕ್ಕ. ಸೀಟಿ ದಿಂಬಿನ ಕೆಳಗೆ ಹೋಯಿತು. ಸಂಜೆಗೆ ಕಾಲು ಮಂಚದ ಮೇಲಕ್ಕೆ ಹೋಯಿತು. ಕೆಲವೇ ದಿನಕ್ಕೆ ಮುಖ ಗೋಡೆಯ ಕಡೆ ಹೋಯಿತು.

ಮನೆಯಲ್ಲಿ ಗಡಿಯಾರಗಳ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿಲ್ಲ. ಎಷ್ಟೋ ದಿನದಿಂದ ಬಯಸಿದ್ದ ಆ ಮೌನದಲ್ಲಿ ಗಡಿಯಾರದಣ್ಣನಿಗೆ ಒಂದು ತಿರುಪನ್ನೂ ಕೂರಿಸಲಾಗಲಿಲ್ಲ. ನರ್ಸಮ್ಮ ಅಕ್ಕನ ಕಾಲು ಒತ್ತಿ ನೋಡಿ ಅವನನ್ನು ಹೊರಗೆ ಕರೆದಳು.

"ಕಾಲು ಊರೋ ಹಾಗಾಗಿದ್ರು. ಏನು ಮಾಡಿದ್ರಿ ನೀವು?"

ಏನು ಮಾಡಿದೆನೆಂದು ಅವನಿಗೆ ಆಗ ಹೊಳೆಯಿತು. ಮಾಡಿದ್ದುಣ್ಣೋ ಮಹರಾಯ ಎಂದು ಯಾರೂ ಹೇಳಬೇಕಾಗಿರಲಿಲ್ಲ, ತಾನೇ ಹೇಳಿಕೊಂಡು ಮತ್ತೆ ಕಚೇರಿಗೆ ಹೋದ. ಗೆರೆಯನ್ನು ಮೊದಲಿನ ಹಾಗೆ ಮನೆಯೊಳಕ್ಕೆ ಹಾಕಿಕೊಡಿ ಎಂದು ಕೈಮುಗಿದ.

"ತಪ್ಪು ಸರಿ ಮಾಡೋದು ನಮ್ಮ ಕೆಲಸ," ಎಂದರು ಸಾಹೇಬರು ಬೇಸರದಿಂದ. "ಸರಿ ಇರೋದನ್ನ ತಪ್ಪು ಮಾಡೋಕೆ ನಮ್ಮಲ್ಲಿ ಅವಕಾಶ ಇಲ್ಲ."

ಅವನು ಬೇಲಿಯ ಹತ್ತಿರ ನಿಂತು ಓಟಗಾರರನ್ನು ಕರೆದ. "ಒಳಗೆ ಬನ್ರಪ್ಪಾ, ಒಂದು ಸಲ ಓಡ್ಕೊಂಡು ಹೋಗಿ." ಯಾರು ಬರುತ್ತಾರೆ, ಬೇಲಿ ದಾಟಿದರೆ ವಾಚು ಕಿರಿಚಿಕೊಳ್ಳುತ್ತದಲ್ಲ. ಮೊದಲ ದಿನದ ಆ ಹಳದಿ ಅಂಗಿಯವನು ಮಾತ್ರ ಮನಸ್ಸು ಕರಗಿ ಬಂದ. ಬಂದವನು ಬೂಟು ಬಿಚ್ಚಿಟ್ಟು, ಮೆಲ್ಲಗೆ ನಡೆದು, ಮಂಚದ ಅಂಚಿಗೆ ಕೂತು ಆರೋಗ್ಯ ವಿಚಾರಿಸಿದ. ಅಕ್ಕ ತಿರುಗಿಯೂ ನೋಡಲಿಲ್ಲ. ಅವನು ಹೋದ ಮೇಲೆ, "ಅವನು ಪ್ಯಾಸೆಂಜರ್ ಅಲ್ಲ, ನೆಂಟ," ಎಂದಳು.

ಚಳಿ ಶುರುವಾಯಿತು. ಓಟಗಾರರು ಕೆಳಗಿಳಿದು ಹೋದರು. ಮೊದಲ ಹಿಮ ಬಿದ್ದ ಬೆಳಿಗ್ಗೆ ಗಡಿಯಾರದಣ್ಣ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿದ. ಓಟಗಾರರ ಎದೆಯ ಮೇಲೆ ನಂಬರಿರುತ್ತಿದ್ದದ್ದು ನೆನಪಾಗಿ, ಹಳೆಯ ಗೋಡೆ ಗಡಿಯಾರದ ಕಾಗದದ ಮುಖವೊಂದನ್ನು ಅಂಗಿಗೆ ಪಿನ್ನು ಹಾಕಿಕೊಂಡ. ಬಸ್ ತಪ್ಪಿದರೂ ಎಂದೂ ಓಡದ ಮನುಷ್ಯ ಮುಂಬಾಗಿಲಿನಿಂದ ನುಗ್ಗಿ, ನಡುಮನೆ ಹಾದು, ಅಡುಗೆಮನೆ ದಾಟಿ, ಹಿತ್ತಿಲ ಬಾಗಿಲು ದಢಾರ್ ಎನ್ನಿಸಿ, ಮನೆ ಸುತ್ತಿ ಮತ್ತೆ ಮುಂಬಾಗಿಲಿಗೆ ಬಂದ. ಬೇರೊಬ್ಬ ಓಟಗಾರನಂತೆ ಕಾಣಲೆಂದು ಎರಡನೆಯ ಸುತ್ತಿಗೆ ಟೋಪಿ ಹಾಕಿಕೊಂಡ. ಮೂರನೆಯ ಸುತ್ತಿಗೆ ಅಕ್ಕನದೇ ಶಾಲು.

"ಎಷ್ಟೋ ನಿನ್ನ ನಂಬರು?" ಅಕ್ಕ ತಲೆಯೆತ್ತಿದ್ದಳು. "ಒಂದರಿಂದ ಹನ್ನೆರಡರವರೆಗೂ ಇದೆಯಲ್ಲ ಎದೆ ಮೇಲೆ."

ಅವನು ಏದುಸಿರು ಬಿಡುತ್ತ ಹಿತ್ತಿಲ ಕಡೆ ಓಡಿದ. ಮುಂದಿನ ಸಲ ಬಂದಾಗ ಅವಳು ಕೂತಿದ್ದಳು. "ಕಾಲೆತ್ತಿ ಹಾಕು, ಮೋರೆ ಮುಂದಿಡು," ಎಂದಳು. ಅವನು ಕಾಲೆತ್ತಿ ಹಾಕಿ ಅಡುಗೆಮನೆಗೆ ಹೋದ, ಅಲ್ಲಿ ಕಣ್ಣಿಗೆ ಕತ್ತಲೆ ಬಂದು, ನೀರಿನ ಡ್ರಮ್ಮಿಗೆ ಒರಗಿ ಹಾಗೆಯೇ ನೆಲಕ್ಕೆ ಜಾರಿದ.

ಹಿತ್ತಿಲ ಬಾಗಿಲು ದಢಾರ್ ಎನ್ನಲಿಲ್ಲ.

ನಡುಮನೆಯಲ್ಲಿ ಅಕ್ಕ ಕಾದಳು. ಮಡಚಲು ಎತ್ತಿದ ಬೆರಳು ಎತ್ತಿದಂತೆಯೇ ಇತ್ತು.

"ಬಾಗಿಲ ಸದ್ದು ಬರ್ಲಿಲ್ಲ," ಎಂದಳು. "ಯಾರದು ಒಳಗೇ ಉಳ್ಕೊಂಡಿರೋದು?"

ಅಷ್ಟರಲ್ಲಿ ಅವನಿಗೆ ಉಸಿರು ಮರಳಿತ್ತು. ನಾನೇ ಅಕ್ಕಾ, ಏನೂ ಆಗಿಲ್ಲ ಎನ್ನಲು ಬಾಯಿ ತೆರೆದ. ಆಗಲೇ ಮಂಚ ಕಿರುಗುಟ್ಟಿತು. ಬರಿಗಾಲೊಂದು ನೆಲಕ್ಕೆ ತಗಲಿದ ಸದ್ದು. ಆಮೇಲೆ ಇನ್ನೊಂದು ಕಾಲು. ಗೋಡೆಯ ಮೇಲೆ ಅಂಗೈ ಸವರುವ ಸದ್ದು. ಗಡಿಯಾರದಣ್ಣ ಬಾಯಿ ಮುಚ್ಚಿ, ಅತಿ ಸಣ್ಣ ತಿರುಪು ಕೂರಿಸುವಾಗ ಹಿಡಿಯುತ್ತಿದ್ದಂತೆ ಉಸಿರು ಬಿಗಿಹಿಡಿದ.

ಅಡುಗೆಮನೆಯ ಬಾಗಿಲವಾಡ ಹಿಡಿದು ಅಕ್ಕ ನಿಂತಿದ್ದಳು. ಕಾಲು ಗಡಗಡ ನಡುಗುತ್ತಿತ್ತು, ಬಾಯಲ್ಲಿ ಸೀಟಿ ಇತ್ತು. ಬಗ್ಗಿ ಡ್ರಮ್ಮಿನ ಹಿಂದೆಲ್ಲ ನೋಡಿ, ಸೀಟಿ ತೆಗೆದು ಹೇಳಿದಳು:

"ಕೊನೇ ಸ್ಟಾಪು ಕಣೋ. ಇಳಿಯಲ್ವಾ?"

ಅವನ ಕಣ್ಣಲ್ಲಿ ದಳದಳ ನೀರಿಳಿಯಿತು. ಎದ್ದು ಅವಳ ಕೈ ಹಿಡಿಯಲು ಹೋದ.

"ಕೈ ಬಿಡು. ಬಾಗಿಲು ತೆಗಿ," ಎಂದಳು ಅಕ್ಕ. "ಹತ್ರದಲ್ಲೇ ನಿಂತ್ಕೋಬೇಡ, ಮುಂದೆ ಹೋಗು. ನಾನು ಬರ್ತೀನಿ."

ಗಡಿಯಾರದಣ್ಣ ಹಿತ್ತಿಲ ಬಾಗಿಲು ತೆಗೆದು, ದಢಾರನೆ ಮುಚ್ಚಿಕೊಳ್ಳದಂತೆ ಬೆನ್ನು ಕೊಟ್ಟು ನಿಂತ.