ಸ್ವತಂತ್ರಪ್ಪನವರ ಆರನೆಯ ಬೆರಳು

ಸ್ವತಂತ್ರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಓಣಿಯವರು ಇಟ್ಟದ್ದು. ಸುಮ್ಮಸುಮ್ಮನೆ ಇಟ್ಟದ್ದೂ ಅಲ್ಲ. ಎದುರು ಸಿಕ್ಕವರು ಬಾಯಿಮಾತಿಗೆ ‘ಚೆನ್ನಾಗಿದೀರಾ?’ ಎಂದು ಕೇಳಿದರೂ ಸಾಕು, ‘ನಾನು ಚೆನ್ನಾಗಿದೀನಿ, ನಿಮ್ಮ ಕಂಪ್ಯೂಟರ್ ಇನ್ನೂ ಗುಲಾಮಗಿರಿಯಲ್ಲೇ ಇದೆಯಾ?’ ಎಂದು ಶುರು ಹಚ್ಚಿಕೊಳ್ಳುತ್ತಿದ್ದರು. ಯಾವ ಕಂಪನಿಯ ಒಡೆತನಕ್ಕೂ ಸೇರದ ಲಿನಕ್ಸ್ ಎಂಬ ತಂತ್ರಾಂಶದ ಹೆಸರು ಒಮ್ಮೆ ಹೊರಬಿತ್ತೆಂದರೆ ಕೇಳುವವನ ಚೀಲದಲ್ಲಿದ್ದ ಸೊಪ್ಪು ಬಾಡುವ ತನಕ ಬಿಡುಗಡೆಯಿಲ್ಲ. ಸ್ವಾತಂತ್ರ್ಯದ ವಿಷಯ ಮಾತಾಡಿಯೇ ಒಬ್ಬ ಮನುಷ್ಯನನ್ನು ಇಷ್ಟು ಹೊತ್ತು ಕಟ್ಟಿಹಾಕಬಹುದು ಎಂದು ಓಣಿಗೆ ಗೊತ್ತಾದದ್ದು ಇವರಿಂದಲೇ.

ಹೊಟ್ಟೆಪಾಡಿಗೆ ಅವರು ವಿದ್ಯುತ್ ಕಚೇರಿಯ ಮೀಟರ್ ದೂರಿನ ವಿಭಾಗದಲ್ಲಿ ಗುಮಾಸ್ತರು. ಅಲ್ಲಿ ಕಿಟಕಿಯಿಂದ ಗೋಡೆಯವರೆಗೆ ಸಾಲಾಗಿ ಕೂರಿಸಿದ ಕಂಪ್ಯೂಟರುಗಳೆಲ್ಲ ದೊಡ್ಡ ಕಂಪನಿಯ ತಂತ್ರಾಂಶದಲ್ಲೇ ನಡೆಯುತ್ತಿದ್ದವು. ಬೆಳಗಿನಿಂದ ಸಂಜೆಯವರೆಗೆ ಸ್ವತಂತ್ರಪ್ಪನವರು ಅದರ ಮುಂದೆ ತೆಪ್ಪಗೆ ಕೂತು, ಅದು ಹೇಳಿದ ಗುಂಡಿಯನ್ನೇ ಒತ್ತುತ್ತಿದ್ದರು. ಒಂದೇ ಒಂದು ಸಲ ಮೇಲಧಿಕಾರಿಯ ಕೋಣೆಗೆ ಹೋಗಿ, ‘ಸಾರ್, ಇದನ್ನೆಲ್ಲ ಲಿನಕ್ಸಿಗೆ ಬದಲಾಯಿಸಿದರೆ...’ ಎಂದು ಬಾಯಿ ತೆರೆದಿದ್ದರು. ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, ‘ನಿಮ್ಮ ಟೇಬಲ್ ಮೇಲಿನ ದೂರುಗಳು ಮುಗಿದವಾ?’ ಎಂದರು. ಕ್ರಾಂತಿ ಅಲ್ಲಿಗೆ ಮುಗಿಯಿತು. ಮರುದಿನದಿಂದ ಅವರು ಅದನ್ನು ಮನೆಗೆ ವರ್ಗ ಮಾಡಿಸಿಕೊಂಡರು. ಮನೆಯಲ್ಲಿದ್ದದ್ದು ಹೆಂಡತಿ ಒಬ್ಬಳೇ, ಆಕೆ ಮೇಲಧಿಕಾರಿಯಲ್ಲ.

ಈ ಹುಚ್ಚು ಹಿಡಿದ ಕಾರಣ ಮಾತ್ರ ನ್ಯಾಯವಾದದ್ದೇ, ಒಪ್ಪಬೇಕು. ಒಂದು ರಜೆಯ ದಿನ ಮನೆಯ ಕಂಪ್ಯೂಟರಿನಲ್ಲಿ ತಮ್ಮ ಬಡ್ತಿಯ ಅರ್ಜಿಯನ್ನು ಬೆಳಗಿನಿಂದ ತಿದ್ದಿ ತೀಡಿ ಬರೆದಿದ್ದರು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಯಂತ್ರ ತನಗೆ ತಾನೇ ತೀರ್ಮಾನ ಮಾಡಿ, ಹೊಸ ಆವೃತ್ತಿ ಹಾಕಿಕೊಳ್ಳುತ್ತಿದ್ದೇನೆ, ದಯವಿಟ್ಟು ಕಾಯಿರಿ ಎಂದು ಕಣ್ಣು ಮುಚ್ಚಿತು. ಕಣ್ಣು ಬಿಟ್ಟಾಗ ಅರ್ಜಿ ಇರಲಿಲ್ಲ. ಯಂತ್ರ ನಮ್ಮದು, ಮೇಜು ನಮ್ಮದು, ಕರೆಂಟು ನಮ್ಮದು, ಯಜಮಾನಿಕೆ ಮಾತ್ರ ಇನ್ಯಾರದೋ ಎಂದರೆ ಯಾರಿಗಾದರೂ ಮೈ ಉರಿಯುತ್ತದೆ. ಉಳಿದವರು ಬೈದು ಮರೆಯುತ್ತಾರೆ, ಇವರು ಮರೆಯಲಿಲ್ಲ. ಸಹೋದ್ಯೋಗಿಯೊಬ್ಬ ಕೊಟ್ಟ ಸಿ.ಡಿ.ಯಿಂದ ಲಿನಕ್ಸ್ ಹಾಕಿಕೊಂಡರು. ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಿದರು, ಅದು ಮರುಮಾತಿಲ್ಲದೆ ಮಾಡಿತು. ಜೀವಮಾನದಲ್ಲಿ ಅವರ ಮಾತು ಕೇಳಿದ ಮೊದಲ ವಸ್ತು ಅದು. ಪ್ರೀತಿ ಹುಟ್ಟದೆ ಇರುತ್ತದೆಯೇ?

ಪ್ರೀತಿ ಹುಟ್ಟಿದವರು ಅದನ್ನು ತಮ್ಮಲ್ಲೇ ಇಟ್ಟುಕೊಂಡರೆ ಜಗತ್ತಿಗೆ ತೊಂದರೆಯಿಲ್ಲ. ಇವರು ಪಕ್ಕದ ಮನೆಯ ನಿವೃತ್ತ ಬ್ಯಾಂಕಿನವರ ಕಂಪ್ಯೂಟರನ್ನೂ ಬಿಡುಗಡೆ ಮಾಡಿದರು. ಬಿಡುಗಡೆಯಾದ ಮೇಲೆ ಅದರ ಪ್ರಿಂಟರ್ ಕೆಲಸ ನಿಲ್ಲಿಸಿತು. ‘ಅದು ನಮ್ಮ ತಪ್ಪಲ್ಲ, ಪ್ರಿಂಟರ್ ಮಾಡಿದವರು ಒಳಗಿನ ಗುಟ್ಟು ಬಿಟ್ಟುಕೊಟ್ಟಿಲ್ಲ’ ಎಂದು ವಿವರಿಸಿದರು. ವಿವರಣೆ ಚೊಕ್ಕವಾಗಿತ್ತು, ಕಾಗದ ಮಾತ್ರ ಹೊರಗೆ ಬರಲಿಲ್ಲ. ಅಂದಿನಿಂದ ಬ್ಯಾಂಕಿನವರು ಇವರನ್ನು ಕಂಡರೆ ರಸ್ತೆಯ ಆ ಬದಿಗೆ ದಾಟಿಬಿಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಇವರ ಬಳಗ ಸೇರುತ್ತಿತ್ತು. ಇದ್ದದ್ದು ಐದು ಜನ. ಲಿನಕ್ಸಿನಲ್ಲೂ ಹತ್ತಾರು ಬಗೆಗಳಿವೆಯಂತೆ, ಅದರಲ್ಲಿ ಯಾವುದು ಶ್ರೇಷ್ಠ ಎಂಬ ಜಗಳದಲ್ಲಿ ಐದು ಜನ ಎರಡು ಬಣವಾಗಿದ್ದರು. ದೊಡ್ಡ ಕಂಪನಿಯನ್ನು ಬೈಯುವಾಗ ಒಟ್ಟಿಗೆ ಚಹಾ ಕುಡಿಯುವುದು, ಬೈದು ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋಗುವುದು, ಇಷ್ಟು ಅವರ ಕಾರ್ಯಕ್ರಮ.

ಹೆಂಡತಿಯ ಕೆಲಸ ಬೇರೆಯೇ. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಆಕೆಯ ಕಸೂತಿ ಯಂತ್ರವಿತ್ತು, ಅದರ ಪಕ್ಕದಲ್ಲಿ ಆಕೆಯದೇ ಕಂಪ್ಯೂಟರ್. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ, ಸೂಜಿ ಯಾವ ದಿಕ್ಕಿಗೆ ಓಡಬೇಕು, ಎಷ್ಟು ಒತ್ತಾಗಿ ಹೊಲಿಯಬೇಕು ಎಂದು ಗೊತ್ತುಮಾಡಿ, ಪೆನ್‌ಡ್ರೈವಿನಲ್ಲಿ ಯಂತ್ರಕ್ಕೆ ಕೊಟ್ಟರೆ ಅದು ಹಾಗೇ ಹೊಲಿಯುತ್ತಿತ್ತು. ಆ ತಂತ್ರಾಂಶ ಒಂದು ಕಂಪನಿಯದು. ಡಾಂಗಲ್ ಎಂಬ ಬೆರಳುದ್ದದ ಕೀಲಿ ಚುಚ್ಚಿದರೆ ಮಾತ್ರ ತೆರೆಯುತ್ತಿತ್ತು. ಆ ಕೀಲಿಯನ್ನು ಕಂಡರೆ ಸ್ವತಂತ್ರಪ್ಪನವರಿಗೆ ಮೈಮೇಲೆ ಚೇಳು ಬಿಟ್ಟ ಹಾಗಾಗುತ್ತಿತ್ತು.

ಟವೆಲಿನ ಮೇಲೆ ಹೆಸರು, ಮಕ್ಕಳ ಅಂಗಿಯ ಮೇಲೆ ಬಾತುಕೋಳಿ, ಇಂಥದ್ದನ್ನೇ ವರ್ಷಗಟ್ಟಲೆ ಹೊಲಿದ ಹೆಂಗಸಿಗೆ ಕೊನೆಗೂ ಒಂದು ದೊಡ್ಡ ಕೆಲಸ ಬಂದಿತ್ತು. ಆಸ್ಪತ್ರೆಯೊಂದರ ಎಲ್ಲ ನರ್ಸುಗಳ ಸಮವಸ್ತ್ರಕ್ಕೆ ಲಾಂಛನ: ತೆರೆದ ಅಂಗೈ, ಅದರ ಮೇಲೊಂದು ದೀಪ. ಚೆನ್ನಾಗಿ ಬಂದರೆ ಪ್ರತಿವರ್ಷವೂ ನಿಮಗೇ ಎಂದು ಹಿರಿಯ ನರ್ಸಮ್ಮ ಮಾತು ಕೊಟ್ಟಿದ್ದರು. ಮಾದರಿ ತೋರಿಸುವ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ತಂಗಿಗೆ ಹೆರಿಗೆಯಾಯಿತೆಂದು ಆಕೆ ನಾಲ್ಕು ದಿನದ ಮಟ್ಟಿಗೆ ಹೋಗಿಬರಬೇಕಾಯಿತು.

ವಾಪಸು ಬಂದಾಗ ಸ್ವತಂತ್ರಪ್ಪನವರು ಬಾಗಿಲಲ್ಲೇ ನಿಂತಿದ್ದರು, ಮುಖ ಊರಗಲ.

‘ಕಣ್ಣು ಮುಚ್ಕೋ.’

‘ಏನ್ರೀ ಇದು, ಬಸ್ಸಿಳಿದು ಬಂದಿದೀನಿ, ಮೊದಲು ನೀರು ಕುಡೀತೀನಿ.’

‘ಮುಚ್ಕೋ ಅಂದ್ರೆ ಮುಚ್ಕೋ.’

ಕಣ್ಣು ಬಿಟ್ಟಾಗ ಆಕೆಯ ಕಂಪ್ಯೂಟರಿನ ಪರದೆ ತಿಳಿನೀಲಿಯಾಗಿತ್ತು. ಹಳೆಯ ಗುರುತು ಒಂದೂ ಇರಲಿಲ್ಲ.

‘ನಿನ್ನ ಕಂಪ್ಯೂಟರ್ ಇವತ್ತಿಂದ ಸ್ವತಂತ್ರ ಕಣೇ!’

ಆಕೆ ಚೀಲ ಕೆಳಗಿಟ್ಟಳು. ‘ನನ್ನ ಡಿಸೈನುಗಳು?’

‘ಒಂದೂ ಹೋಗಿಲ್ಲ. ಎಲ್ಲಾ ಜೋಪಾನವಾಗಿ ತೆಗೆದಿಟ್ಟಿದೀನಿ. ನಾನೇನು ದಡ್ಡನಾ?’

‘ಹಾಗಾದ್ರೆ ತೆಗೆದು ತೋರಿಸಿ.’

‘ತೆಗೆಯೋಕೆ ಆಗಲ್ಲ. ಅದು ಆ ಕಂಪನಿಯ ಗುಟ್ಟಿನ ರೂಪದಲ್ಲಿದೆ. ಆದರೆ ಜೋಪಾನವಾಗಿದೆ.’

ಕಂಪನಿಯ ಸಿ.ಡಿ. ಎಲ್ಲಿ ಎಂದು ಕೇಳಿದಳು. ಅದನ್ನು ಭಾನುವಾರದ ಬಳಗದಲ್ಲಿ ಎಲ್ಲರೆದುರು ಎರಡು ತುಂಡು ಮಾಡಿದ್ದಾಗಿ, ಎರಡೂ ಬಣದವರು ಒಟ್ಟಿಗೆ ಚಪ್ಪಾಳೆ ತಟ್ಟಿದ್ದಾಗಿ ಅವರು ಹೆಮ್ಮೆಯಿಂದ ಹೇಳಿದರು. ಡಾಂಗಲನ್ನು ಮಾತ್ರ ಮುರಿಯಲು ಮನಸ್ಸಾಗದೆ ಹಳೆಯ ಮೊಳೆಗಳ ಡಬ್ಬಿಗೆ ಹಾಕಿದ್ದರು. ಆಕೆ ಡಬ್ಬಿಯಿಂದ ಅದನ್ನು ಹುಡುಕಿ ತೆಗೆದು, ಸೆರಗಿನಲ್ಲಿ ಒರೆಸಿ, ತನ್ನ ಪರ್ಸಿಗೆ ಹಾಕಿಕೊಂಡಳು.

‘ಮತ್ತೆ ಅದನ್ನೇ ಹಾಕಿಸ್ತೀಯಾ?’ ಸ್ವತಂತ್ರಪ್ಪನವರ ದನಿ ಏರಿತು. ‘ನೋಡು, ಈ ಹೊಸಿಲು ದಾಟಿ ಅದು ಮತ್ತೆ ಒಳಗೆ ಬರಕೂಡದು, ಹೇಳಿಬಿಟ್ಟಿದೀನಿ. ಕಸೂತಿಗೂ ಮುಕ್ತ ತಂತ್ರಾಂಶ ಇದೆ. ನಾನೇ ಮಾಡಿಕೊಡ್ತೀನಿ. ನನ್ನ ಮೇಲೆ ಬಿಡು.’

ಅವರ ಮೇಲೆ ಬಿಟ್ಟದ್ದಾಯಿತು. ಸ್ವತಂತ್ರಪ್ಪನವರು ಕಚೇರಿಗೆ ರಜೆ ಹಾಕಿ ಕೂತರು. ಮದುವೆಯ ದಿನ ಬಿಟ್ಟರೆ ಹೆಂಡತಿಯ ಪಕ್ಕ ಅಷ್ಟು ಹೊತ್ತು ಅವರು ಕೂತದ್ದೇ ಇಲ್ಲ. ಲಾಂಛನದ ಚಿತ್ರವನ್ನು ಮುಕ್ತ ತಂತ್ರಾಂಶಕ್ಕೆ ಕೊಟ್ಟು, ನೀನೇ ಹೊಲಿಗೆಯಾಗಿ ಬದಲಾಯಿಸು ಎಂದರು. ಅದು ಬದಲಾಯಿಸಿತು. ಮೊದಲ ಸಲ ದೀಪದ ಜ್ವಾಲೆಯ ಮೇಲೆ ಹೊಲಿಗೆ ಎಷ್ಟು ಒತ್ತಾಗಿ ಬಿತ್ತೆಂದರೆ ಸೂಜಿ ಟಕ್ಕೆಂದು ಮುರಿದು ಅವರ ಕನ್ನಡಕಕ್ಕೆ ಬಡಿಯಿತು. ಎರಡನೆಯ ಸಲ ಅಂಗೈ ಬೆರಳು ಬೆರಳಾಗಿ ಚೆಂದವಾಗಿ ಮೂಡಿತು. ಆಕೆ ಬಗ್ಗಿ ನೋಡಿದಳು, ಬೆರಳು ಮಡಚಿ ಎಣಿಸಿದಳು.

‘ರೀ, ಆರು ಬೆರಳಿದೆ.’

ದೀಪದ ನೆರಳನ್ನು ತಂತ್ರಾಂಶ ಬೆರಳೆಂದು ತಿಳಿದಿತ್ತು. ಸ್ವತಂತ್ರಪ್ಪನವರು ಕನ್ನಡಕ ಒರೆಸಿಕೊಂಡು ನೋಡಿದರು. ‘ಕಡಿಮೆಯೇನೂ ಬಂದಿಲ್ಲವಲ್ಲ’ ಎಂದರು.

ತಂತ್ರಾಂಶ ಬರೆದವರಿಗೆ ಉದ್ದನೆಯದೊಂದು ದೂರು ಕಳಿಸಿದರು. ಎಲ್ಲೆಲ್ಲಿಯವರೋ ಉತ್ತರ ಬರೆದರು. ‘ನಮ್ಮಲ್ಲಿ ಸರಿಯಾಗಿ ಬರುತ್ತಿದೆ’ ಎಂದ ಒಬ್ಬ. ‘ನಿಮ್ಮ ಆವೃತ್ತಿ ಹಳೆಯದು’ ಎಂದ ಇನ್ನೊಬ್ಬ. ಹೊಸ ಆವೃತ್ತಿ ಹಾಕಿದ್ದೇ ತಡ, ಕಂಪ್ಯೂಟರ್ ಪೆನ್‌ಡ್ರೈವನ್ನು ಗುರುತಿಸುವುದನ್ನೇ ಬಿಟ್ಟಿತು. ಅದನ್ನು ಸರಿಮಾಡುವುದರಲ್ಲಿ ಒಂದು ದಿನ ಹೋಯಿತು. ಕೊನೆಗೆ ತಂತ್ರಾಂಶ ಬರೆದವನೇ ಉತ್ತರಿಸಿದ: ತನಗೀಗ ಮಗು ಹುಟ್ಟಿದೆ, ನಿದ್ದೆಯಿಲ್ಲ, ಮುಂದಿನ ಆವೃತ್ತಿಯಲ್ಲಿ ನೋಡೋಣ.

‘ನೋಡಿದ್ಯಾ! ಬರೆದವನೇ ಉತ್ತರ ಕೊಟ್ಟಿದಾನೆ! ದೊಡ್ಡ ಕಂಪನಿಯವರು ಕೊಡ್ತಾರಾ?’

‘ಕೊಡಲ್ಲ’ ಎಂದಳು ಹೆಂಡತಿ. ‘ಅದರಲ್ಲಿ ಐದೇ ಬೆರಳು ಬರ್ತಿತ್ತು. ಕೇಳೋ ಪ್ರಮೇಯವೇ ಬರ್ತಿರಲಿಲ್ಲ.’

ಮಾದರಿ ತೋರಿಸುವ ದಿನ ಬಂತು, ಆರನೆಯ ಬೆರಳು ಹೋಗಿರಲಿಲ್ಲ. ಆಕೆ ಬೇಡವೆಂದರೂ ಸ್ವತಂತ್ರಪ್ಪನವರು ಜೊತೆಗೆ ಹೊರಟರು. ಹಿರಿಯ ನರ್ಸಮ್ಮ ಬಟ್ಟೆಯ ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತಿರುವಾಗಲೇ ಇವರು ಮುಕ್ತ ತಂತ್ರಾಂಶದ ಮಹತ್ವ ಶುರುಮಾಡಿದರು. ಇದು ಸಮುದಾಯದ ಶ್ರಮ, ಇದಕ್ಕೆ ಯಾರ ಹಂಗೂ ಇಲ್ಲ, ತಪ್ಪಿದ್ದರೆ ಯಾರು ಬೇಕಾದರೂ ತಿದ್ದಬಹುದು.

‘ನಮ್ಮಲ್ಲಿ ಮಗು ಆರು ಬೆರಳಿಟ್ಟುಕೊಂಡು ಹುಟ್ಟಿದರೆ ನಾವು ಆಪರೇಷನ್ ಮಾಡಿ ತೆಗೀತೀವಿ’ ಎಂದರು ನರ್ಸಮ್ಮ. ‘ಬಟ್ಟೆಗೆ ಆಗಲ್ಲವಲ್ಲ ಸಾರ್.’ ಆಮೇಲೆ ಹೆಂಡತಿಯ ಕಡೆ ತಿರುಗಿ, ‘ಸೋಮವಾರದವರೆಗೆ ಕಾಯ್ತೀನಮ್ಮ. ನಿನ್ನ ಹಳೇ ಕೆಲಸ ನೋಡಿದೀನಿ ಅಂತ ಅಷ್ಟೇ. ಆಮೇಲೆ ಬೇರೆಯವರಿಗೆ ಕೊಡ್ತೀನಿ’ ಎಂದರು.

ವಾಪಸು ಬರುವಾಗ ಆಟೋದಲ್ಲಿ ದಾರಿಯುದ್ದಕ್ಕೂ ಸ್ವತಂತ್ರಪ್ಪನವರು ಬಿಡದೆ ಮಾತಾಡಿದರು, ನರ್ಸಮ್ಮನಂಥವರಿಂದಲೇ ದೇಶ ಹಿಂದೆ ಬಿದ್ದಿರುವುದು ಎಂದು. ಓಣಿಯ ತಿರುವಿನಲ್ಲಿ ಟೈಲರಕ್ಕನ ಅಂಗಡಿ ಇತ್ತು. ಹೆಂಡತಿಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ಜೋರು, ಕೈಕೆಲಸ ಅದಕ್ಕಿಂತ ಜೋರು. ಆಕೆಯ ಹತ್ತಿರ ಅಂಗಡಿಯಿತ್ತು, ಗಿರಾಕಿಯಿತ್ತು, ಕಸೂತಿ ಯಂತ್ರವಿರಲಿಲ್ಲ. ಹೆಂಡತಿ ಅಲ್ಲೇ ಇಳಿದುಕೊಂಡಳು. ‘ನೀವು ಹೋಗಿರಿ’ ಎಂದಳು.

ಶನಿವಾರ ಮಧ್ಯಾಹ್ನ ಸ್ವತಂತ್ರಪ್ಪನವರು ಆರನೆಯ ಬೆರಳಿನ ಬಗ್ಗೆ ಯಾರೋ ಬರೆದದ್ದಕ್ಕೆ ಉತ್ತರ ಟೈಪ್ ಮಾಡುತ್ತಿದ್ದರು. ಹೆಂಡತಿ ಹಿಂದೆ ಬಂದು ನಿಂತು, ‘ರೀ, ಮಷೀನನ್ನ ಟೈಲರಕ್ಕನ ಅಂಗಡಿಗೆ ಸಾಗಿಸ್ತಿದೀನಿ. ಇಬ್ಬರೂ ಪಾಲುದಾರಿಕೆ ಮಾಡ್ಕೋತೀವಿ. ಏನಂತೀರಿ?’ ಎಂದು ಕೇಳಿದಳು.

‘ಹ್ಞೂಂ, ಹ್ಞೂಂ’ ಎಂದರು ಅವರು, ಪರದೆಯಿಂದ ಕಣ್ಣು ಕೀಳದೆ.

ಭಾನುವಾರ ಸ್ವತಂತ್ರಪ್ಪನವರು ಬಳಗಕ್ಕೆ ಹೋಗಿ ಬರುವಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಸ್ವತಂತ್ರವಾದ ಕಂಪ್ಯೂಟರ್ ಬಿಟ್ಟರೆ ಎಲ್ಲ ಬೋಳಾಗಿತ್ತು. ಯಂತ್ರ ನಿಂತಿದ್ದ ಜಾಗದಲ್ಲಿ ನೆಲ ಬೇರೆ ಬಣ್ಣದ್ದು, ಸುತ್ತ ಬಣ್ಣಬಣ್ಣದ ದಾರದ ಚೂರುಗಳು. ಹೆಂಡತಿ ಅವರ ಮಾತು ಮೀರಿರಲಿಲ್ಲ. ಕಂಪನಿಯ ತಂತ್ರಾಂಶ ಹೊಸಿಲು ದಾಟಿ ಒಳಗೆ ಬಂದಿರಲಿಲ್ಲ, ಆಕೆ ಹೊಸಿಲು ದಾಟಿ ಹೊರಗೆ ಹೋಗಿದ್ದಳು.

ಸೋಮವಾರ ಸಂಜೆ ಕಚೇರಿಯಿಂದ ಬಂದವರು ಮನೆಯೊಳಗೆ ಹೋಗದೆ ಓಣಿಯ ತಿರುವಿಗೆ ನಡೆದರು. ಅಂಗಡಿಗೆ ಹೊಸ ಕಂಪ್ಯೂಟರ್ ಬಂದಿತ್ತು. ಕಂಪನಿಯ ಏಜೆಂಟ್ ಡಾಂಗಲ್ ನೋಡಿ ತಂತ್ರಾಂಶವನ್ನು ಮತ್ತೆ ಹಾಕಿಕೊಟ್ಟು ಹೋಗಿದ್ದ. ಸ್ವತಂತ್ರಪ್ಪನವರು ಜೋಪಾನ ಮಾಡಿದ್ದ ಹಳೆಯ ಡಿಸೈನುಗಳೆಲ್ಲ ಅದರಲ್ಲಿ ಒಂದೇ ಏಟಿಗೆ ತೆರೆದುಕೊಂಡಿದ್ದವು. ಅವರು ಅಭ್ಯಾಸಬಲದಿಂದ ಕೌಂಟರಿನ ಹಲಗೆ ಎತ್ತಿ ಒಳಗೆ ಕಾಲಿಡಲು ಹೋದರು.

‘ಸ್ವತಂತ್ರಪ್ಪನೋರೇ, ಅಲ್ಲೇ!’ ಎಂದಳು ಟೈಲರಕ್ಕ, ಕತ್ತರಿ ಹಿಡಿದ ಕೈ ಮೇಲೆತ್ತಿ. ‘ಗಿರಾಕಿಗಳು ಆ ಕಡೆ.’

‘ಅಲ್ಲಕ್ಕ, ಹೊಸ ಕಂಪ್ಯೂಟರ್ ಅಲ್ವಾ, ಒಂದು ಸ್ವಲ್ಪ ನೋಡಿ...’

‘ಬೇಡ!’ ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಅವರು ಹಲಗೆ ಇಳಿಸಿ ಹೊರಗೆ ನಿಂತರು. ಮುಂದೆ ಇಬ್ಬರು ಹೆಂಗಸರು ತಮ್ಮ ಬಟ್ಟೆಗಾಗಿ ಕಾಯುತ್ತಿದ್ದರು, ಅವರ ಹಿಂದೆ ನಿಂತರು. ಒಳಗೆ ಯಂತ್ರ ಟರ್‍ರೆಂದು ಓಡುತ್ತಿತ್ತು. ಬಿಳಿ ಬಟ್ಟೆಯ ಮೇಲೆ ಅಂಗೈ ಮೂಡಿತು, ಆಮೇಲೆ ಒಂದೊಂದಾಗಿ ಬೆರಳು, ಆಮೇಲೆ ದೀಪ. ಸ್ವತಂತ್ರಪ್ಪನವರು ಮನಸ್ಸಿನಲ್ಲೇ ಎಣಿಸಿದರು. ಐದೇ. ಜ್ವಾಲೆಯ ತುದಿಯಲ್ಲಿ ದಾರ ಹೊಳೆಯುತ್ತಿತ್ತು. ಇಷ್ಟು ಚೆಂದದ ಕೆಲಸ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇಷ್ಟು ವರ್ಷ ಆಗುತ್ತಿತ್ತು, ತಾವು ನೋಡಿದ್ದು ಆ ಕೀಲಿಯೊಂದನ್ನೇ ಎಂಬುದು ಅವರಿಗೆ ಈಗ ಹೊಳೆಯಿತು. ಮಧ್ಯಾಹ್ನವೇ ಹೊಸ ಮಾದರಿ ತೋರಿಸಿ ಬಂದಿದ್ದ ಹೆಂಡತಿಗೆ ಆಸ್ಪತ್ರೆಯ ಕೆಲಸ ದಕ್ಕಿತ್ತು. ಸಂತೋಷವೂ ಆಯಿತು, ಅವಮಾನವೂ ಆಯಿತು. ಯಾವುದು ಹೆಚ್ಚೆಂದು ತಿಳಿಯಲಿಲ್ಲ.

ಹೆಂಗಸರಿಬ್ಬರೂ ಬಟ್ಟೆ ತೆಗೆದುಕೊಂಡು ಹೋದರು. ಸರದಿ ಅವರದಾಯಿತು. ಹೆಂಡತಿ ಫ್ರೇಮಿಗೆ ಹೊಸ ಬಟ್ಟೆ ಬಿಗಿಯುತ್ತಾ, ತಲೆ ಎತ್ತದೆ, ‘ಹೇಳಿ, ಏನಾಗಬೇಕಿತ್ತು?’ ಎಂದಳು.

ಯಾರ್‍ಯಾರಿಗೆ ಏನೇನು ಬೇಕು ಎಂದು ಊರಿಗೆಲ್ಲ ಹೇಳುತ್ತಾ ಬಂದವರು, ತಮಗೆ ಏನು ಬೇಕು ಎಂದು ಕೇಳಿದಾಗ ಹಲಗೆಯ ಮೇಲಿನ ದಾರದ ಚೂರು ಹೆಕ್ಕತೊಡಗಿದರು. ಕೊನೆಗೆ ತಡವರಿಸಿ, ‘ಇವತ್ತು ಮನೆಗೆ ಯಾವಾಗ ಬರ್ತೀಯ?’ ಎಂದರು.

‘ತುಂಬಾ ಕೆಲಸ ಇದೆ’ ಎಂದಳು ಆಕೆ. ‘ನೀವು ಅಡುಗೆ ಮಾಡಿ, ಆದ ಮೇಲೆ ಫೋನ್ ಮಾಡಿ, ಬರ್ತೀನಿ.’

‘ನನಗೆ ಅಡುಗೆ ಎಲ್ಲಿ ಬರುತ್ತೆ?’

‘ಬರುತ್ತೆ. ತಪ್ಪಾದ್ರೆ ತಿದ್ಕೊಳ್ಳಿ’ ಎಂದು ಆಕೆ ಯಂತ್ರದ ಗುಂಡಿ ಒತ್ತಿದಳು.