ಅಮಾವಾಸ್ಯೆಗೆ ತೊಳೆದ ಟ್ಯಾಂಕು

ರಾಯಚೂರಿನ ಕೈಗಾರಿಕಾ ಪ್ರದೇಶದ ಕೊನೆಯ ಶೆಡ್ಡಿನಲ್ಲಿ, ಮಿರ್ಚಿ ಕರಿದು ಕಪ್ಪಾದ ಎಣ್ಣೆಯಿಂದ ಡೀಸೆಲ್ ತಯಾರಿಸುತ್ತಾರೆ. ಅಲ್ಲಿ ಗದ್ದೆಪ್ಪ ಎಲ್ಲರಿಗಿಂತ ಹಳಬ. ದೇವದುರ್ಗದ ಅವನ ಓಣಿಯವರ ಲೆಕ್ಕದಲ್ಲಿ ಅವನು ಇಂಜಿನಿಯರರಿಗಿಂತ ಒಂದು ಕೈ ಮೇಲು. ಈ ಮಾತನ್ನು ಮೊದಲು ಯಾರು ಹುಟ್ಟಿಸಿದರೋ ಗೊತ್ತಿಲ್ಲ. ಗದ್ದೆಪ್ಪನಂತೂ ಅದನ್ನು ಎಂದೂ ಅಲ್ಲಗಳೆದವನಲ್ಲ.

ಮೊದಲು ಅಲ್ಲಿದ್ದದ್ದು ಆಳೆತ್ತರದ ಒಂದೇ ಹಂಡೆ. ಎಣ್ಣೆ ತುಂಬಿ, ಕಾಯಿಸಿ, ಅದರಲ್ಲಿನ ನೀರನ್ನು ಹಾರಿಸಬೇಕು. ಆಮೇಲೆ ಕಾಸ್ಟಿಕ್ ಸೋಡಾ ಕರಗಿಸಿದ ಮೆಥನಾಲ್ ಸುರಿದು ತಿರುಗಿಸಿ, ತಿಳಿಯಾಗಲು ಬಿಡಬೇಕು. ತಳಕ್ಕೆ ಕೂತ ಗ್ಲಿಸರಿನ್ ಒಂದು ನಲ್ಲಿಯಿಂದ, ಮೇಲಿನ ಡೀಸೆಲ್ ಇನ್ನೊಂದರಿಂದ ಹೊರಗೆ. ಹಂಡೆ ಬರಿದಾದರೆ ಒಂದು ಬ್ಯಾಚ್ ಮುಗಿದಂತೆ. ಅದನ್ನು ನೀರಿನಿಂದ ತೊಳೆದು ಮುಂದಿನದಕ್ಕೆ ಕೈ ಹಚ್ಚುವುದು. ಒಳಗೆ ಒದ್ದೆ ಉಳಿದರೂ ಚಿಂತೆಯಿಲ್ಲ, ಹೇಗೂ ಎಣ್ಣೆ ಕಾಯುವಾಗ ಆರುತ್ತದೆ. ಏನಾದರೂ ಎಡವಟ್ಟಾದರೆ ಆ ಒಂದು ಹಂಡೆಯ ಮಾಲು ಕೆಡುತ್ತಿತ್ತು, ಅಷ್ಟೇ.

ಮಾಲೀಕ ಈರಯ್ಯನವರು ಈ ವರ್ಷ ಹಂಡೆ ತೆಗೆಸಿ ಹೊಸ ಪ್ಲಾಂಟ್ ಕೂರಿಸಿದರು. ಇದರಲ್ಲಿ ಬ್ಯಾಚ್ ಎಂಬುದೇ ಇಲ್ಲ. ಒಂದು ತುದಿಯಿಂದ ಎಣ್ಣೆ ಹೋಗುತ್ತಲೇ ಇರುತ್ತದೆ, ಇನ್ನೊಂದು ತುದಿಯಿಂದ ಡೀಸೆಲ್ ಬರುತ್ತಲೇ ಇರುತ್ತದೆ. ಕೂರಿಸಲು ಬಂದ ಇಂಜಿನಿಯರಮ್ಮ ಮೊದಲ ದಿನವೇ ಒಂದು ಟ್ಯಾಂಕಿನ ಮೇಲೆ ಕೈಯಿಟ್ಟು ಹೇಳಿದ್ದಳು: "ಕಾಯಿಸಿ ಒಣಗಿಸಿದ ಎಣ್ಣಿ ಇದಕ್ಕ ಬರ್ತದ. ಇಲ್ಲಿಂದ ಮುಂದ ಕಾಯಿಸೋದು ಇಲ್ರಿ. ಇದರೊಳಗ ಒಂದು ತಂಬಿಗಿ ನೀರು ಹೋದ್ರೂ ಪೈಪಿನ ತುಂಬ ಸಾಬೂನಾಗ್ತದ."

"ತಿಳೀತ್ರಿ," ಎಂದು ಗದ್ದೆಪ್ಪ ತಲೆ ಆಡಿಸಿದ್ದ. ತಲೆಗೇನೋ ತಿಳಿದಿತ್ತು. ಕೈಗೆ ಯಾರು ಹೇಳಬೇಕು?

ಅಮಾವಾಸ್ಯೆ ಬಂತು. ಅವತ್ತು ರಾಯಚೂರಿನಲ್ಲಿ ಲಾರಿಯಿಂದ ಹಿಡಿದು ಗಿರಣಿಯವರೆಗೆ ಎಲ್ಲಕ್ಕೂ ಸ್ನಾನ, ಪೂಜೆ. ಹಂಡೆಯ ಕಾಲದಿಂದಲೂ ಅದು ಗದ್ದೆಪ್ಪನದೇ ಜವಾಬ್ದಾರಿ, ಅವನದೇ ಗತ್ತು. ಪ್ಲಾಂಟ್ ಸ್ವಲ್ಪ ಹೊತ್ತು ನಿಲ್ಲಿಸಿ, ಟ್ಯಾಂಕು ಬರಿದು ಮಾಡಿದ್ದರು. ಅವನು ಮಡಿ ಪಂಚೆ ಉಟ್ಟು, ನೀರಿನ ಪೈಪು ಹಿಡಿದು ಹೊರಗೆಲ್ಲ ತೊಳೆದ. ದೇವರ ಕಾರ್ಯ, ಅರೆಬರೆ ಮಾಡಬಾರದೆಂದು, ಇಂಜಿನಿಯರಮ್ಮ ಕೈಯಿಟ್ಟು ತೋರಿಸಿದ್ದ ಆ ಟ್ಯಾಂಕಿನ ಮುಚ್ಚಳ ತೆಗೆದು ಒಳಗೂ ತೊಳೆದು, ನೀರು ಬಸಿದ. ವಿಭೂತಿ ಎಳೆದ, ಕುಂಕುಮವಿಟ್ಟ, ಕಾಯಿ ಒಡೆದ. ಈರಯ್ಯನವರೂ ಕೈಮುಗಿದು, ಕೊಬ್ಬರಿ ಬೆಲ್ಲ ಬಾಯಿಗೆ ಹಾಕಿಕೊಂಡು ಹೋದರು.

ಟ್ಯಾಂಕಿನ ತಳದಲ್ಲಿ, ಪೈಪಿನ ತಿರುವಿನಲ್ಲಿ ನೀರು ನಿಂತಿತ್ತು. ಪ್ಲಾಂಟ್ ಶುರುವಾದ ಮೇಲೆ ಡೀಸೆಲ್ ಬರಬೇಕಾದಲ್ಲಿ ಮಜ್ಜಿಗೆಯಂಥದ್ದು ಬಂತು, ಆಮೇಲೆ ಅದೂ ನಿಂತಿತು. ನೋಡಿ ನಿಲ್ಲಿಸುವಷ್ಟರಲ್ಲಿ ಕೆಟ್ಟದ್ದು ಹರಿದು, ಕೂಡಿಟ್ಟ ಒಳ್ಳೆಯ ಡೀಸೆಲ್ಲನ್ನೂ ಸೇರಿತ್ತು. ಪೈಪು ಬಿಚ್ಚಿದರೆ ಒಳಗೆಲ್ಲ ಜಿಗುಟು ಸಾಬೂನು. ಗದ್ದೆಪ್ಪನಿಗೆ ಅದನ್ನು ಕಂಡೊಡನೆ ಎಲ್ಲ ಅರ್ಥವಾಯಿತು.

ಈರಯ್ಯನವರು ಕೇಳಿದ್ದು ಒಂದೇ ಪ್ರಶ್ನೆ. "ಇವತ್ತು ಬಿಟ್ಟದ್ದು ಯಾರ ಎಣ್ಣಿ?"

"ಮಾನ್ವಿದ್ರಿ. ದಿಲ್ಶಾದಂದು."

ಸುಳ್ಳಲ್ಲ, ಎಣ್ಣೆ ಅವಳದೇ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದ, ಕೇಳದ್ದನ್ನು ನುಂಗಿದ್ದ. ಮಾನ್ವಿಯ ಬಂಡಿ, ಹೋಟೆಲುಗಳಿಂದ ಕರಿದ ಎಣ್ಣೆ ಕೂಡಿಸಿ ತರುವ ಹೆಣ್ಣುಮಗಳು ದಿಲ್ಶಾದ್. ಈರಯ್ಯನವರು ಅಲ್ಲೇ ನಿಂತು ಅವಳಿಗೆ ಫೋನು ಹಚ್ಚಿದರು. ಕಾಯಿಸಿದರೂ ಆರದಷ್ಟು ನೀರು ಬೆರೆಸಿದ್ದೀಯ, ಇನ್ನು ಈ ಕಡೆ ತಲೆ ಹಾಕಬೇಡ ಎಂದರು. ಅವಳು ಏನೋ ಹೇಳುತ್ತಲೇ ಇದ್ದಳು, ಸಣ್ಣಗೆ ಕೇಳಿಸುತ್ತಿತ್ತು. ಗದ್ದೆಪ್ಪ ಪಾನಾ ಹಿಡಿದು, ಅದಾಗಲೇ ಬಿಗಿಯಾಗಿದ್ದ ಒಂದು ಬೋಲ್ಟನ್ನು ಮತ್ತೆ ಬಿಗಿಮಾಡುತ್ತಿದ್ದ.

ಆಮೇಲೆ ಅವನಿಗೆ ಅನ್ನ ಸೇರಲಿಲ್ಲ. ಸ್ನಾನಕ್ಕೆ ಕೂತು ಸಾಬೂನು ಮೈಗೆ ಹಚ್ಚಿದರೆ ಆ ಪೈಪು ಕಣ್ಣಿಗೆ ಕಟ್ಟುತ್ತಿತ್ತು. ಓಣಿಯವರು "ಹೊಸ ಮಷಿನ್ ಹೆಂಗದನೋ ಗದ್ದೆಪ್ಪ" ಎಂದರೆ ಮೈಯೆಲ್ಲ ಹಿಡಿಯಾಗುತ್ತಿತ್ತು. ಹೆಂಡತಿ ವೆಂಕಮ್ಮ ಬಿಡದೆ ಕೇಳಿ ಬಾಯಿ ಬಿಡಿಸಿದಳು. ಕೇಳಿಸಿಕೊಂಡು ಬೈಯಲಿಲ್ಲ.

"ಆ ದಿಲ್ಶಾದ್ ಜೋಡಿ ಕುಂತು ಚಾ ಕುಡದೀಯಲ್ಲ," ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ರಜೆಯ ದಿನ ಅವನು ಮಾನ್ವಿಯ ಬಸ್ಸು ಹತ್ತಿದ.

ದಿಲ್ಶಾದ್ ಮನೆ ಮುಂದೆ ಒಲೆ ಹಚ್ಚಿ, ಕಾದ ಹಂಚಿನ ಮೇಲೆ ಎಣ್ಣೆಯ ಹನಿ ಬಿಡುತ್ತ ಕೂತಿದ್ದಳು. ನೀರಿದ್ದರೆ ಚಟಪಟ ಎನ್ನುತ್ತದೆ. ಆ ಪರೀಕ್ಷೆ ಕಲಿಸಿದವನು ಗದ್ದೆಪ್ಪನೇ. ಅವನನ್ನು ಕಂಡು ಅವಳು ಸೆರಗು ಸರಿಮಾಡಿಕೊಂಡು ಎದ್ದಳು.

"ಬರ್ರಿ ಗದ್ದೆಪ್ಪಣ್ಣ. ನಾನ ಬಂದು ಮಾಫಿ ಕೇಳಬೇಕಂತ ಮಾಡಿದ್ದೆ. ನನ್ನ ಎಣ್ಣೀಲೆ ನಿಮ್ಮ ಮಷಿನ್ ಕೆಡ್ತು. ನೀವು ಕಲಿಸಿದಂಗ ಡಬ್ಬಿ ಡಬ್ಬಿ ನೋಡಿದ್ನಿ, ಎಲ್ಲಿ ತಪ್ಪಿತೋ ತಿಳೀವಲ್ದು. ಸರ್ವರಿ ಖಾಲಾನ ಎಣ್ಣ್ಯಾಗ ನೀರು ಇರಬೇಕು. ಆಕಿ ಬಂಡಿ ಮುಂದ ನಿಂತು ಹಂಗ ಅಂದು ಬಂದೀನಿ. ಈಗ ಮಾತಿಲ್ಲ ನಮ್ಮದು."

ಗದ್ದೆಪ್ಪನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಸರ್ವರಿ ಬೇಗಂ ಬಸ್‌ಸ್ಟ್ಯಾಂಡ್ ಬಳಿ ಮಿರ್ಚಿ ಕರಿಯುವ ಮುದುಕಿ, ದಿಲ್ಶಾದಳಿಗೆ ಖಾಲಾ ಎಂದರೆ ಚಿಕ್ಕಮ್ಮ, ಅವಳನ್ನು ಮಗಳಂತೆ ಕಂಡವಳು. ಅಲ್ಲಿಯವರೆಗೂ ಹರಿದಿತ್ತು ಅವನು ಮಾಡಿದ್ದು.

"ತಂಗೀ, ನಿನ್ನ ಎಣ್ಣಿ ಚಲೋ ಇತ್ತು," ಎಂದ. "ಟ್ಯಾಂಕಿನ ಒಳಗ ನೀರು ಹಾಕಿ ತೊಳದವ ನಾನು. ಅವತ್ತ ಗೊತ್ತಾತು. ಹೇಳಲಿಲ್ಲ."

ದಿಲ್ಶಾದ್ ಹಂಚು ಕೆಳಗಿಳಿಸಿದಳು. ಆಮೇಲೆ ಒಲೆ ಆರಿಸಿದಳು. "ನನಗ ಹೇಳಿದ್ರಿ. ಖಾಲಾಗ ಯಾರು ಹೇಳಬೇಕು?"

ಅವಳು ಮುಂದೆ, ಅವನು ಹಿಂದೆ. ಬಂಡಿಯ ಸುತ್ತ ಗಿರಾಕಿಗಳಿದ್ದರು. ಮುದುಕಿ ದಿಲ್ಶಾದಳತ್ತ ತಿರುಗಿಯೂ ನೋಡಲಿಲ್ಲ. ಗದ್ದೆಪ್ಪ ಅಷ್ಟು ಜನರೆದುರು ಅದನ್ನೇ ಮತ್ತೆ ಹೇಳಿದ. ಎರಡನೆಯ ಸಲ ಸುಲಭವಾದೀತು ಎಂದುಕೊಂಡಿದ್ದ, ಆಗಲಿಲ್ಲ.

ಸರ್ವರಿ ಬೇಗಂ ಜಾಲರಿ ಸೌಟಿನಿಂದ ಮಿರ್ಚಿ ಎತ್ತಿ ಬಸಿಯುತ್ತ, "ನಾ ನೀರು ಹಾಕಿಲ್ಲಂತ ನನಗ ಗೊತ್ತಿತ್ತು," ಎಂದಳು. ಅದನ್ನು ಹೇಳಿದ್ದು ದಿಲ್ಶಾದಳಿಗೆ. ದಿಲ್ಶಾದಳ ಕಣ್ಣುಗಳು ತುಂಬಿ ಬಂದವು. ಗದ್ದೆಪ್ಪನನ್ನು ಇಬ್ಬರೂ ನೋಡಲಿಲ್ಲ.

ಹೋಗಲೋ ನಿಲ್ಲಲೋ ತಿಳಿಯದೆ ಅವನು ನಿಂತಿದ್ದಾಗ, ದಿಲ್ಶಾದ್ ಕಣ್ಣೊರೆಸಿಕೊಂಡು ಈರಯ್ಯನವರ ನಂಬರು ಒತ್ತಿ, ತನ್ನ ಫೋನು ಅವನ ಕೈಗಿಟ್ಟಳು.

ಅವನು ಅದನ್ನು ಕಿವಿಗಿಡುವಷ್ಟರಲ್ಲೇ ಆ ಕಡೆಯ ದನಿ ಕಿಡಿಕಿಡಿಯಾಗಿ ಬಂತು. "ಮತ್ಯಾಕ ಹಚ್ಚಿದಿ? ನಾಚಿಕಿ ಅನ್ನೋದು ಅದನೋ ಇಲ್ಲೋ ನಿನಗ? ಮಾಡೋದು ಮಾಡಿ, ಏನೂ ಮಾಡಿಲ್ಲ ಅನ್ನಾಕ ಬಾಯರ ಹೆಂಗ ಬರ್ತದ?"

ದಿಲ್ಶಾದ್ ಅವತ್ತು ಫೋನಿನಲ್ಲಿ ಕೇಳಿಸಿಕೊಂಡದ್ದು ಇದನ್ನೇ. ಗದ್ದೆಪ್ಪ ನಡುವೆ ಬಾಯಿ ಹಾಕದೆ ಕೊನೆಯ ಮಾತಿನವರೆಗೂ ಕೇಳಿಸಿಕೊಂಡ.

"ನಾಚಿಕಿ ಅದ ರಿ ಸಾವ್ಕಾರ್ರ," ಎಂದ ಆಮೇಲೆ. "ನಾನು, ಗದ್ದೆಪ್ಪ ಮಾತಾಡಾಕತ್ತೀನಿ."